ಮಾಳದ ಗುಡಿಸಲು ಬಿಚ್ಚಿದ ನಾಲ್ಕು ದಿನ

ಆ ನಾಲ್ಕು ದಿನ ನಾನು ಸೊಲ್ಲಾಪುರಕ್ಕೆ ಹೊರಡದೆ ಮಾಳದ ಮೇಲೇ ಏಕೆ ಉಳಿದೆ ಎಂದು ನನ್ನ ಮಗಳು ಈ ತನಕ ಕೇಳಿಲ್ಲ. ಕೇಳಿದ್ದರೆ ಒಂದು ಜಗಳವಾಡಿ ಮುಗಿಸಿಬಿಡಬಹುದಿತ್ತು, ಜಗಳ ನನಗೆ ಒಗ್ಗಿದ ಕೆಲಸ. ಅವಳು ಕೇಳಲಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಬರ ಕಳೆದು ಎರಡು ವರ್ಷವಾಗಿತ್ತು. ಸೊಲ್ಲಾಪುರದಲ್ಲಿ ನಮ್ಮದು ಟವೆಲ್ಲು, ಚಾದರಗಳ ವ್ಯಾಪಾರ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಪವರ್‌ಲೂಮಿನ ಶೆಡ್ಡು. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಅಡುಗೆಮನೆಯ ಹಾಲಿನ ಮೇಲೆ ಕೂಡುತ್ತಿತ್ತು, ಮಲಗಿದ ಮಗುವಿನ ರೆಪ್ಪೆಯ ಮೇಲೆ ಕೂಡುತ್ತಿತ್ತು. ಕೊನೆಗೆ ನನ್ನ ಎದೆಯೊಳಗೂ ಹೋಗಿ ಕೂತಿತು. ಮೂವತ್ತು ತುಂಬುವುದರೊಳಗೆ, ಒಂದು ಮಾತು ಪೂರ್ತಿ ಆಡಬೇಕಾದರೆ ನಡುವೆ ಎರಡು ಸಲ ನಿಂತು ಕೆಮ್ಮಿ ಉಸಿರು ಎಳೆದುಕೊಳ್ಳುವ ಸ್ಥಿತಿಗೆ ಬಂದೆ. ಬಾಯಿ ಜೋರಿನವಳೆಂದು ಓಣಿಯಲ್ಲೆಲ್ಲ ಹೆಸರು ಮಾಡಿದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ? ಜಗಳದ ನಡುವೆ ಏದುಸಿರು ಬಿಡುತ್ತ ಕೂತರೆ ಎದುರಿನವರು ಗೆದ್ದಂತೆಯೇ.

ಡಾಕ್ಟರು ಮರಾಠಿಯವರು. ಔಷಧಿಯಿಂದ ಇಷ್ಟೇ ಆಗುವುದು, ಹವಾಪಾಲಟ, ಅಂದರೆ ಹವೆಯ ಬದಲಾವಣೆ, ಆಗಬೇಕು ಎಂದರು. ಒಣ ಹವೆ ಇರಬೇಕು, ಬಯಲು ಇರಬೇಕು, ಹತ್ತಿ ಕಣ್ಣಿಗೆ ಬೀಳಬಾರದು. ದುಡ್ಡಿದ್ದವರು ಹವಾಪಾಲಟಕ್ಕೆಂದು ಬೆಟ್ಟದ ಊರುಗಳಿಗೆ ಹೋಗುತ್ತಿದ್ದರು. ನಾನು ಮೈಂದರ್ಗಿಯ ಮಾಳಕ್ಕೆ ಹೊರಟೆ.

ಅಲ್ಲಿ ನನ್ನ ತಾಯಿಯ ಚಿಕ್ಕಮ್ಮನ ಹೊಲವಿತ್ತು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಮೈಂದರ್ಗಿಯಲ್ಲಿ ಮಗ, ಸೊಸೆ, ಕಟ್ಟಿಸಿದ ಮನೆ ಎಲ್ಲ ಇದ್ದರೂ ದೀಪಾವಳಿ ಮುಗಿಯುತ್ತಲೇ ಆಯಿ ಹಾಸಿಗೆ ಸುತ್ತಿಕೊಂಡು ಹೊಲಕ್ಕೆ ಹೋಗಿಬಿಡುವವಳು. ಬಿಳಿಜೋಳ ಬೆಳೆದು ರಾಶಿಯಾಗಿ ಮನೆಗೆ ಹೋಗುವ ತನಕ ಮಾಳದ ಮೇಲಿನ ಗುಡಿಸಲೇ ಅವಳ ಮನೆ. ಮಗ ದಿನಾ ಬಂದು ಬೈಸಿಕೊಂಡು, ದುಡಿದು, ಸಂಜೆ ಊರಿಗೆ ಹೋಗುತ್ತಿದ್ದ. ಕೆಳಗೆ ಕಪ್ಪು ಮಣ್ಣಿನ ಹೊಲ, ಮೇಲೆ ಕಲ್ಲು ಮುರುಮಿನ ದಿಬ್ಬ, ಇಡೀ ದಿಬ್ಬಕ್ಕೆ ನೆರಳೆಂದರೆ ಒಂದೇ ಒಂದು ಜಾಲಿಮರ. ನಮ್ಮ ಮನೆಯವರು ಅದನ್ನು ಒಮ್ಮೆ ನೋಡಿ ಬಂದಿದ್ದರು, ಬೇಸಿಗೆಯಲ್ಲಿ. ಅಂದಿನಿಂದ ಅದಕ್ಕೆ ಮರುಭೂಮಿ ಎಂದೇ ಹೆಸರಿಟ್ಟಿದ್ದರು. ಜೋಳ ನಿಂತ ನಾಲ್ಕು ತಿಂಗಳು ಬಿಟ್ಟರೆ ಆ ಹೆಸರು ಸುಳ್ಳೇನಲ್ಲ.

ಮಗಳಿಗೆ ಆಗ ಐದು ವರ್ಷ. ಅದೇ ವರ್ಷ ಶಾಲೆಗೆ ಹಾಕಿದ್ದೆವು. ಮಾಳದಲ್ಲಿ ಕಲ್ಲು ಎತ್ತಿದರೆ ಚೇಳು, ನೀರು ತರಬೇಕಾದರೆ ಅರ್ಧ ಮೈಲಿ. ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಭಾವನವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ತಾನೇ ಮುಂದೆ ಬಂದಳು. ಅವಳಿಗೆ ಇಬ್ಬರೂ ಗಂಡುಮಕ್ಕಳು.

"ಕೂಸಿನ್ನ ಬಿಟ್ಟು ಹೋಗು. ಎರಡೂ ಗಂಡ ಹುಡುಗೂರ ತಲಿ ಬಾಚಿ ಬಾಚಿ ಸಾಕಾಗೇತಿ, ಒಂದ ಜಡಿ ಹಾಕೂ ಭಾಗ್ಯೆ ನನಗೂ ಸಿಗ್ಲಿ. ಆಕಿ ನನ್ನ ಮಗಳಲ್ಲೇನು?" ಎಂದಳು.

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ ಬಸ್ಸು ಅಕ್ಕಲಕೋಟೆ ದಾಟುವ ತನಕ ಆ ಕೊನೆಯ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂತು. ಉಸಿರು ತರಲು ಹೋಗಿ ಮಗಳನ್ನು ಕಳೆದುಕೊಂಡು ಬಂದರೆ? ನಾಲ್ಕು ತಿಂಗಳು ಐದು ವರ್ಷದ ಮಗುವಿಗೆ ಎಷ್ಟು ಉದ್ದ ಎಂದು ನನಗೆ ಯಾರೂ ಹೇಳುವವರಿರಲಿಲ್ಲ.

ಮಾಳದಲ್ಲಿ ಮೊದಲ ಹದಿನೈದು ದಿನ ನಾನು ಯಾರಿಗೂ ಬೇಡದ ನೆಂಟಳು. ಚಳಿಗೆ ಕೌದಿ ಹೊದ್ದು, ಬಿಸಿಲು ಏರಿದ ಮೇಲೆ ಗುಡಿಸಲಿನ ಬಾಗಿಲಿಗೆ ಒರಗಿ ಕೂತಿರುತ್ತಿದ್ದೆ. ಗಟ್ಟಿಯಾಗಿ ಮಾತಾಡಬಾರದು, ಆಯಾಸ ಮಾಡಿಕೊಳ್ಳಬಾರದು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆಯಿ ಅಕ್ಷರ ಬಾರದವಳು, ಆ ಚೀಟಿಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ನೋಡಿ ಗೂಟಕ್ಕೆ ಸಿಕ್ಕಿಸಿದಳು. ಜೋಳದ ತೆನೆಯಲ್ಲಿ ಹಾಲು ತುಂಬಿ ಹಕ್ಕಿಗಳ ದಂಡು ಇಳಿಯತೊಡಗಿದ ದಿನ ಮಾತ್ರ ಅವಳಿಗೆ ಆ ಚೀಟಿ ಕಾಣಿಸಲಿಲ್ಲ. ಹೊಲದ ನಡುವಿನ ಅಟ್ಟಣಿಗೆ ಹತ್ತಿಸಿ, ಕೈಗೆ ಕವಣೆ ಕೊಟ್ಟು, "ಒದರು" ಎಂದಳು.

"ನನಗ ಒದರಬಾರದಂತ ಡಾಕ್ಟರ್ ಹೇಳ್ಯಾರ ಆಯಿ."

"ನಿನ್ನ ಡಾಗ್ದರನ ಚೀಟಿ ಹಕ್ಕಿ ಓದ್ತಾವೇನು? ಒದರು ಅಂದ್ರ ಒದರು."

ಒದರಿದೆ. ಮೊದಲ ದಿನ ನನ್ನ ಕೂಗು ಮೂರು ಸಾಲು ದಾಟಲಿಲ್ಲ. ಹಕ್ಕಿಗಳು ತಲೆಯೆತ್ತಿ ನೋಡಿ ಮತ್ತೆ ತಿನ್ನತೊಡಗಿದವು. ಸಿಟ್ಟು ಬಂತು. ಆ ಸಿಟ್ಟೇ ನನ್ನ ಔಷಧಿಯಾಯಿತು ಎಂದು ಈಗಲೂ ನಂಬಿದ್ದೇನೆ. ವಾರ ಕಳೆಯುವಷ್ಟರಲ್ಲಿ ಕೂಗು ನಡುಹೊಲಕ್ಕೆ ಮುಟ್ಟಿತು, ಸಂಕ್ರಾಂತಿಯ ಹೊತ್ತಿಗೆ ಬದುವಿಗೆ, ಆಮೇಲೆ ಒಂದು ದಿನ ಆಚೆಯ ಹೊಲದಲ್ಲಿ ಬುತ್ತಿ ಬಿಚ್ಚಿ ಕೂತಿದ್ದವರು ಬೆಚ್ಚಿ ಎದ್ದು ನಿಂತು ನಮ್ಮ ಕಡೆ ನೋಡಿದರು. ಆಯಿ ಕೆಳಗೆ ನಿಂತು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ರಾತ್ರಿ ನಾನು ಒಂದೇ ದಿಂಬಿನ ಮೇಲೆ ತಲೆಯಿಟ್ಟು ಬೆಳಗಿನ ತನಕ ಮಲಗಿದೆ. ಅದಕ್ಕೂ ಮುಂಚೆ ಎರಡು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದೆ.

ಎಳ್ಳಮಾವಾಸ್ಯೆಗೆ ಮಗಳನ್ನು ಕರೆತರುತ್ತೇನೆ ಎಂದು ನಮ್ಮ ಮನೆಯವರು ಕಾಗದ ಬರೆದಿದ್ದರು. ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಎಲ್ಲರೂ ಉಂಡರು, ನಾನು ಮಾತ್ರ ಮೈಂದರ್ಗಿಯ ದಾರಿಯ ಕಡೆ ಮುಖ ಮಾಡಿ ಕೂತು ಉಂಡೆ. ಅವರು ಬರಲಿಲ್ಲ. ಮಗುವಿಗೆ ಜ್ವರ ಬಂದಿತ್ತೆಂದು ಆಮೇಲೆ ತಿಳಿಯಿತು. ಜ್ವರ ಬಂದಾಗ ಅವಳ ಹಣೆಯ ಮೇಲೆ ಯಾರ ಕೈ ಇದ್ದಿತು ಎಂದು ಹೇಳುವ ಅಗತ್ಯವಿಲ್ಲ. ಹೊಟ್ಟೆ ಉರಿಯಿತು. ಉರಿದದ್ದು ತಪ್ಪೆಂದು ಗೊತ್ತಿದ್ದೇ ಉರಿಯಿತು.

ಶಿವರಾತ್ರಿ ಹತ್ತಿರ ಬಂದಂತೆ ಜೋಳ ಕಿತ್ತು, ತೆನೆ ಮುರಿದು, ಕಣಕ್ಕೆ ಹಾಕಿದರು. ಸಗಣಿ ಸಾರಿಸಿದ ಆ ಗಟ್ಟಿ ನೆಲದ ಮೇಲೆ ಎತ್ತುಗಳು ಸುತ್ತು ತಿರುಗಿ ತೆನೆ ತುಳಿದವು. ಕಾಳು ತೂರುವ ದಿನ ಹೊಟ್ಟಿನ ಧೂಳಿಗೆ ಆಯಿ ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ. ಆದರೆ ರಾಶಿ ಕಟ್ಟುವ ದಿನ ಬೆಳಿಗ್ಗೆ ತಾನಾಗಿ ಕರೆದು ಕೈಗೆ ಬುಟ್ಟಿ ಕೊಟ್ಟಳು. ಹಸನು ಮಾಡಿದ ಕಾಳನ್ನು ಬುಟ್ಟಿಯಲ್ಲಿ ತಂದು ಕಣದ ನಡುವೆ ಸುರಿದು ರಾಶಿ ಏರಿಸಬೇಕು. ಅದಕ್ಕೆ ಕಟ್ಟುಪಾಡುಗಳಿವೆ. ಕಾಲಲ್ಲಿ ಚಪ್ಪಲಿ ಇರಬಾರದು. ರಾಶಿ ಪೂರ್ತಿಯಾಗಿ, ಸುತ್ತ ಬೂದಿಯ ಗೆರೆ ಎಳೆದು, ಕಾಯಿ ಒಡೆಯುವ ತನಕ ಯಾರೂ ಮಾತಾಡಬಾರದು, ಯಾರನ್ನೂ ಕರೆಯಬಾರದು. ಮಾತಾಡಿದರೆ ಕಾಳಿನ ಹುಲುಸು ಹೊರಟುಹೋಗುತ್ತದೆ ಎನ್ನುತ್ತಾರೆ. ಪೇಟೆಯ ವ್ಯಾಪಾರಿಗಳ ಮನೆಯ ಸೊಸೆ, ರೋಗಿಯಾಗಿ ಬಂದವಳು, ಆ ಸಾಲಿನಲ್ಲಿ ನಿಂತೆನಲ್ಲ ಎಂದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಉಸಿರು ಬಿಟ್ಟ ಸದ್ದೂ ಕೇಳಿಸಬಾರದು ಎನ್ನುವಂತೆ ತುಟಿ ಬಿಗಿ ಹಿಡಿದುಕೊಂಡಿದ್ದೆ.

ರಾಶಿ ಅರ್ಧ ಏರಿತ್ತು. ನಾನು ತುಂಬಿದ ಬುಟ್ಟಿ ಹೊತ್ತು ತಿರುಗಿದರೆ ಕಣದ ಆಚೆ ನಮ್ಮ ಮನೆಯವರು. ಅವರ ಕೈ ಬಿಡಿಸಿಕೊಂಡು ನನ್ನ ಕಡೆ ಓಡಿ ಬರುತ್ತಿದ್ದಾಳೆ ಮಗಳು. ಹಳದಿ ಫ್ರಾಕು, ಬಿಗಿಯಾಗಿ ಹಾಕಿದ ಎರಡು ಜಡೆ, ಕಾಲಲ್ಲಿ ಹೊಸ ಚಪ್ಪಲಿ. ಬಾಯಿ ತುಂಬ "ಅವ್ವಾ" ಎಂದು ಕೂಗುತ್ತ ಬರುತ್ತಿದ್ದಳು.

ನಾನು ಒಂದು ಕೈಯಲ್ಲಿ ಬುಟ್ಟಿ ಹಿಡಿದುಕೊಂಡು ಇನ್ನೊಂದು ಕೈ ಎತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದೆ. ಆಮೇಲೆ ತುಟಿಯ ಮೇಲೆ ಬೆರಳಿಟ್ಟೆ.

ಅವಳು ನಿಂತಳು. ಬಹಳ ವಿಧೇಯ ಮಗು. ಕಣದ ಅಂಚಿನಲ್ಲಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತಿದ್ದು, ಆಮೇಲೆ ತಿರುಗಿ ಅಪ್ಪನ ಹತ್ತಿರ ಹೋದಳು. ಅವಳು ತಿರುಗುವ ಮುಂಚೆ ನಾನು ಕಣ್ಣಲ್ಲೇ ನಕ್ಕಿದ್ದೆ, ಇನ್ನೇನು ಬಂದೆ ಎಂದು ಕತ್ತು ಅಲ್ಲಾಡಿಸಿದ್ದೆ. ಬುಟ್ಟಿಯ ನೆರಳಿನಲ್ಲಿ ಆ ನಗೆ ಅವಳಿಗೆ ಕಂಡಿತೋ ಇಲ್ಲವೋ. ರಾಶಿ ಪೂರ್ತಿಯಾಗಿ ಕಾಯಿ ಒಡೆಯುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಓಡಿಹೋಗಿ ನೋಡಿದರೆ ಜಾಲಿಮರದ ಕೆಳಗೆ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಆಯಿ ನನ್ನ ಹಿಂದೆಯೇ ಬಂದಳು. "ಹುಚ್ಚವ್ವ, ಮಾತಾಡಬೇಕಿತ್ತಲ್ಲ! ಕೂಸು ಹ್ಯಾಂಗ ಓಡಿ ಬಂದಿತ್ತು!"

"ರಾಶಿ ಕಟ್ಟೂ ಹೊತ್ತಿನ್ಯಾಗ ಮಾತಾಡಬಾರದು ಅಂತ ನೀನ ಹೇಳಿದ್ದಿ ಆಯಿ."

"ದೊಡ್ಡವರಿಗೆ ಹೇಳೂ ಮಾತದು. ನನ್ನ ಮಗ ಸಣ್ಣಾಂವ ಇದ್ದಾಗ ರಾಶಿ ಮ್ಯಾಲ ಹತ್ತಿ ಕುಂತಿದ್ದ, ಚಪ್ಪಲಿ ಹಾಕ್ಕೊಂಡು. ಎತ್ತಿಕೊಂಡು ಮುದ್ದು ಕೊಟ್ಟಿದ್ನಿ. ಆ ವರ್ಷದ ಹುಲುಸು ಎಲ್ಲಿಗೆ ಹೋಗಿತ್ತು?"

ಅರವತ್ತು ವರ್ಷ ಕಣದಲ್ಲೇ ಬಾಳಿದವಳಿಗೆ ಎಲ್ಲಿ ಸಡಿಲ ಬಿಡಬೇಕೆಂದು ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಬಂದವಳಿಗೆ ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಮಗಳು ಎದ್ದ ಮೇಲೆ ಎತ್ತಿಕೊಂಡೆ. ಬಂದಳು, ಆದರೆ ಮೈ ಬಿಗಿ ಹಿಡಿದುಕೊಂಡು ಬಂದಳು. ನನ್ನ ಬಿಸಿಲಿಗೆ ಕಪ್ಪಾದ ಕೈಯನ್ನೂ ಒಡೆದ ಹಿಮ್ಮಡಿಯನ್ನೂ ನೋಡುತ್ತಿದ್ದಳು. ನಮ್ಮ ಮನೆಯವರು ಅವಳನ್ನು ಮಾತಿಗೆಳೆಯಲೆಂದು ಮನೆಯ ಸುದ್ದಿ ಹೇಳಿದರು. "ಈಗ ನಮ್ಮ ಮನಿ ಯಜಮಾನಿ ಇಕಿನ. ಹಳ್ಳಿ ಗಿರಾಕಿ ಯಾರರೆ ಅಂಗಡಿಗೆ ಬಂದ್ರ ಬೆಲ್ಲಾ ನೀರು ತಂದ ಕೊಡಾಕಿ ಇಕಿ. ನಿಮ್ಮ ಕಡಿ ಎಲ್ಲಾರೂ ಆರಾಮ ಅದಾರ್ರಿ ಅಂತ ಮುದಕಿಗತೆ ಕೇಳ್ತಾಳ. ಎಲ್ಲಾ ವೈನಿ ಕಲಿಸ್ಯಾರ." ವೈನಿ ಎಂದರೆ ಅವರ ಅತ್ತಿಗೆ, ನನ್ನ ನೆಗೆಣ್ಣಿ. ಆಯಿ ಬಿದ್ದು ಬಿದ್ದು ನಕ್ಕಳು. ಮಗಳು ನಾಚಿಕೊಂಡು ಅಪ್ಪನ ಬೆನ್ನಿನ ಹಿಂದೆ ಸರಿದಳು.

ಊಟವಾದ ಮೇಲೆ ನಮ್ಮ ಮನೆಯವರು, "ಗಂಟು ಕಟ್ಟು. ನಾಕರ ಬಸ್ಸಿಗೆ ಮೂವರೂ ಕೂಡೇ ಹೋಗೂಣು," ಎಂದರು. ನನ್ನ ಟ್ರಂಕಿಗೆ ಕಟ್ಟಲು ಹಗ್ಗವನ್ನೂ ತಂದಿದ್ದರು.

ನನ್ನ ಬಾಯಿಂದ ಬಂದ ಮಾತು ಇದು: "ಗುಡಸಲಾ ಬಿಚ್ಚೂದು ಅದರಿ. ಆಯಿ ಒಬ್ಬಾಕಿ ಏನ ಮಾಡ್ಯಾಳು? ನಾಕ ದಿನಾ ಬಿಟ್ಟು ಬರ್ತೀನಿ."

"ನನ್ನ ಹೆಸರ ಯಾಕ ಮುಂದ ಮಾಡ್ತಿ?" ಎಂದಳು ಆಯಿ. "ಮೂವತ್ತ ವರ್ಷಾ ಯಾರ ಬಂದ ಬಿಚ್ಚ್ಯಾರ?"

ನಮ್ಮ ಮನೆಯವರು ನನ್ನ ಮುಖ ನೋಡಿದರು. ಆಗಲಿ ಎಂದರು. ಹಗ್ಗವನ್ನು ಹಾಗೇ ಸುತ್ತಿ ನನಗೆ ಕೊಟ್ಟರು. ಮಗಳು ನೀನು ಬಾ ಎನ್ನಲಿಲ್ಲ. ನಾನು ಅಟ್ಟಣಿಗೆಯ ಮೇಲೆ ನಿಂತು, ಅವರಿಬ್ಬರೂ ಬೋಳು ಹೊಲದ ನಡುವೆ ಸಣ್ಣಗಾಗುತ್ತ ಹೋಗುವುದನ್ನು ನೋಡಿದೆ. ಮರೆ ಮಾಡಲು ಆ ಕಡೆ ಒಂದು ಜೋಳದ ದಂಟೂ ಉಳಿದಿರಲಿಲ್ಲವಾದ್ದರಿಂದ ಬಹಳ ಹೊತ್ತು ಕಂಡರು. ಕೂಗಬಹುದಿತ್ತು. ಆಚೆ ಹೊಲಕ್ಕೆ ಮುಟ್ಟುವ ಕೂಗು ಅವರಿಗೂ ಮುಟ್ಟುತ್ತಿತ್ತು. ಏನೆಂದು ಕೂಗಲಿ ಎಂದು ಯೋಚಿಸುತ್ತ ನಿಂತೆ.

ಏಕೆ ಉಳಿದೆ? ಹೆದರಿಕೆ ಒಂದು. ಮಗ್ಗದ ಶೆಡ್ಡಿಗೆ ಅಂಟಿಕೊಂಡ ಮನೆಯಲ್ಲಿ ಕಾಲಿಟ್ಟ ದಿನವೇ ಕೆಮ್ಮು ಮರಳಿ ಬಂದರೆ ಎಂದು. ಮನೆಗೆ ಹೋದ ಮೇಲೆ ಎಲ್ಲರಿಗೂ ಅದನ್ನೇ ಹೇಳಿದೆ, ಎಲ್ಲರೂ ನಂಬಿದರು. ಇನ್ನೊಂದನ್ನು ಹೇಳಲಿಲ್ಲ. ನಾನು ಅಲ್ಲಿ ಸುಖವಾಗಿದ್ದೆ. ಮದುವೆಯಾಗಿ ಹತ್ತು ವರ್ಷದಲ್ಲಿ, ಬೆಳಿಗ್ಗೆ ಎದ್ದು ಯಾರಿಗೆ ಚಹಾ ಎಂದು ಎಣಿಸದೆ ಬಾಗಿಲು ದಾಟಿ ಬಯಲಿಗೆ ಬಂದು ನಿಂತದ್ದು ಅಲ್ಲಿ ಮಾತ್ರ. ಮಗಳಿಲ್ಲದೆಯೂ ಸುಖವಾಗಿದ್ದೆನಲ್ಲ ಎನ್ನುವುದು ನನ್ನನ್ನು ಚುಚ್ಚುತ್ತಿತ್ತು, ಚುಚ್ಚಿಸಿಕೊಳ್ಳುತ್ತಲೇ ಸುಖವಾಗಿದ್ದೆ. ಇನ್ನು ನಾಲ್ಕೇ ದಿನ, ಅಷ್ಟರಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡೆ.

ಗುಡಿಸಲು ಬಿಚ್ಚುವುದು ಒಂದೇ ದಿನದ ಕೆಲಸ. ನಾನು ಅದನ್ನು ನಾಲ್ಕು ದಿನಕ್ಕೆ ಎಳೆದೆ. ಮೊದಲ ದಿನ ಅಟ್ಟಣಿಗೆ ಇಳಿಸಿದೆವು. ಹಗ್ಗದ ಗಂಟುಗಳನ್ನು ಆಯಿ ಕೊಯ್ಯಲು ಹೋದರೆ ನಾನು ತಡೆದು, ಉಗುರಿನಿಂದ ಒಂದೊಂದನ್ನೇ ಬಿಡಿಸಿದೆ. ಎರಡನೆಯ ದಿನ ಗುಡಿಸಲಿಗೆ ಹೊದಿಸಿದ್ದ ಒಣದಂಟು ತೆಗೆದು ಎತ್ತುಗಳಿಗೆ ಮೇವಾಗಲೆಂದು ಬಣವೆಗೆ ಹಾಕಿದೆವು. ಗೂಟದಲ್ಲಿದ್ದ ಡಾಕ್ಟರ ಚೀಟಿ ಹೊಗೆಗೆ ಕಂದಾಗಿ, ಮುಟ್ಟಿದರೆ ಮುರಿಯುವಂತಾಗಿತ್ತು. ಆ ರಾತ್ರಿ ಸೂರಿಲ್ಲದ ನಾಲ್ಕು ಕಂಬಗಳ ನಡುವೆ ಮಲಗಿದೆವು. ಮೂರನೆಯ ದಿನ ಕಂಬ ಕಿತ್ತು ಗುಳಿಗಳಿಗೆ ಮಣ್ಣು ತುಂಬಿದೆವು, ಹೆಜ್ಜೆ ತಪ್ಪಿ ಎತ್ತಿನ ಕಾಲು ಮುರಿಯಬಾರದಲ್ಲ. ಹೊಲದ ಮೂಲೆಯಲ್ಲಿ ಐದಾರು ಜೋಳದ ಗಿಡಗಳನ್ನು ಮಾತ್ರ ಆಯಿ ಕೀಳಿಸದೆ ಬಿಟ್ಟಿದ್ದಳು. ಅದು ಹಕ್ಕಿಗಳ ಪಾಲು. ಎರಡು ತಿಂಗಳು ಗಂಟಲು ಹರಿಯುವಂತೆ ಓಡಿಸಿದ ಹಕ್ಕಿಗಳಿಗೆ ಕೊನೆಯಲ್ಲಿ ಕೈಯಾರೆ ಬಿಟ್ಟುಹೋಗುವುದು ಅವಳ ಪದ್ಧತಿ. ನಾಲ್ಕನೆಯ ದಿನ ಉಳಿದದ್ದು ಒಲೆಯ ಮೂರು ಕಲ್ಲು. ಅವನ್ನು ಬೋರಲು ಹಾಕಿ ಜಾಲಿಮರದ ಬುಡಕ್ಕೆ ಇಟ್ಟಳು.

"ಬರೂ ವರ್ಷಕ್ಕ ಇವ ಕಲ್ಲು," ಎಂದಳು. ನಾನೂ ಬರುವೆನೋ ಎಂದು ಕೇಳಲಿಲ್ಲ. ಕೈಯ ಮಸಿ ಕೊಡವಿಕೊಂಡು, "ಮಗಳ ಮುಂದ ಕುಂತು ಮಾತಾಡು. ಸುಮ್ಮ ಮುದ್ದು ಮಾಡಬ್ಯಾಡ, ಮಾತಾಡು," ಎಂದಷ್ಟೇ ಹೇಳಿದಳು.

ಸುತ್ತ ನೋಡಿದೆ. ನಮ್ಮ ಮನೆಯವರು ಇಟ್ಟ ಹೆಸರು ಈಗ ಸರಿಯಾಗಿ ಹೊಂದುತ್ತಿತ್ತು. ಬಿರುಕು ಬಿಟ್ಟ ಕಪ್ಪು ನೆಲ, ಕಲ್ಲು, ಬಿಸಿಲು, ನಾವಿಬ್ಬರು. ಇಲ್ಲಿ ನಾಲ್ಕು ತಿಂಗಳು ಇದ್ದೆವೆಂದರೆ ಗುರುತಿಗೂ ಏನಿರಲಿಲ್ಲ.

ಆಯಿಯ ಮಗ ಗಾಡಿಯಲ್ಲಿ ಮೈಂದರ್ಗಿಗೆ ಬಿಟ್ಟ. ಅಲ್ಲಿಂದ ಅಕ್ಕಲಕೋಟೆ, ಅಲ್ಲಿಂದ ಸೊಲ್ಲಾಪುರದ ಬಸ್ಸು. ದಾರಿಯುದ್ದಕ್ಕೂ ಮಗಳಿಗೆ ಹೇಳುವ ಮಾತುಗಳನ್ನು ಜೋಡಿಸಿಕೊಂಡೆ. ಕಣದಲ್ಲಿ ಏಕೆ ಸುಮ್ಮನಿದ್ದೆ, ಹಕ್ಕಿ ಹೇಗೆ ಓಡಿಸಿದೆ, ಕವಣೆ ಹೇಗೆ ಬೀಸಬೇಕು. ಅವಳಿಗೆಂದು ಒಂದು ಕವಣೆಯನ್ನೂ, ಹುರಿದ ಎಳೆಜೋಳದ ಒಣಗಿಸಿದ ಕಾಳನ್ನೂ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ಬಸ್ಸು ಊರೊಳಗೆ ಬರುವಾಗ ಗಿರಣಿಯ ಭೋಂಗಾ ಕೂಗಿತು. ನನಗೆ ಅರಿವಿಲ್ಲದೆ ಎದೆಯ ಮೇಲೆ ಕೈ ಹೋಯಿತು.

ಮನೆಯ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ನೆಗೆಣ್ಣಿ ಒಳಬಾಗಿಲಲ್ಲಿ ನಿಂತಿದ್ದಳು. "ಎಷ್ಟ ಚಲೋ ಆಗಿ!" ಎಂದು ಮುಖ ಅರಳಿಸಿದಳು. ನನ್ನ ಕಣ್ಣು ಮಗಳನ್ನು ಹುಡುಕುತ್ತಿತ್ತು. ನನ್ನನ್ನು ನೋಡಿದವಳೇ ಅವಳು ಒಳಗೆ ಓಡಿದ್ದಳು. ನಾಚಿಕೆ ಇರಬೇಕು, ಈಗ ಬರುತ್ತಾಳೆ ಎಂದುಕೊಂಡು ಚಾಪೆಯ ಮೇಲೆ ಕೂತು ಸೆರಗಿನ ಗಂಟು ಬಿಚ್ಚತೊಡಗಿದೆ.

ಬಂದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಸಣ್ಣ ತಾಟು, ತಾಟಿನಲ್ಲಿ ಬೆಲ್ಲದ ಚೂರು. ನೀರು ತುಳುಕಬಾರದೆಂದು ನಾಲಿಗೆ ಕಚ್ಚಿಕೊಂಡು ಮೆಲ್ಲಗೆ ನಡೆದು ಬಂದು ನನ್ನ ಮುಂದೆ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತಳು.

"ನಿಮ್ಮ ಕಡಿ ಎಲ್ಲಾರೂ ಆರಾಮ ಅದಾರ್ರಿ?" ಎಂದಳು.

ಪಡಸಾಲೆಯೆಲ್ಲ ನಕ್ಕಿತು. ಭಾವನವರು ಶಹಬ್ಬಾಸ್ ಎಂದರು. ನಗದೆ ಇದ್ದವಳು ನೆಗೆಣ್ಣಿ ಒಬ್ಬಳೇ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ, ನೀರು ಕುಡಿದೆ. ಮಗಳು ಉತ್ತರಕ್ಕೆ ಕಾಯುತ್ತ ನಿಂತಿದ್ದಳು, ಅಂಗಡಿಗೆ ಬಂದವರು ಉತ್ತರ ಕೊಡುತ್ತಾರಲ್ಲ.

"ಹೂಂನವ್ವಾ, ನಮ್ಮ ಕಡಿ ಎಲ್ಲಾರೂ ಆರಾಮ ಅದಾರ, ಬೆಳಿ ಚಲೋ ಬಂದೈತಿ, ರಾಶಿನೂ ಆತು," ಎಂದೆ. ಒಂದೇ ಉಸಿರಿನಲ್ಲಿ, ಎಲ್ಲಿಯೂ ನಿಲ್ಲದೆ ಹೇಳಿ ಮುಗಿಸಿದೆ. ಕೆಮ್ಮು ಬರಲಿಲ್ಲ.